ಲಾಗ್ ತುಂಬಿ ಡಿಸ್ಕ್ ಕಟ್ಟಿಕೊಂಡಾಗ: ಬಾಯಿ ಮುಚ್ಚಿಸುವ ಮೊದಲು ಕೂಗುವವರು ಯಾರು ಅಂತ ನೋಡಿ

ಕಾರವಾರದ ಕೋಡಿಬಾಗದಲ್ಲಿ ನಮ್ಮ ಅಕ್ಕೋರ ಮನೆ ಇದೆ. ನನಗೆ ನಾಲ್ಕನೇ ಇಯತ್ತೆಗೆ ಕಲಿಸಿದವರು. ನಿವೃತ್ತರಾದ ಮೇಲೆ ಅವರು ತಮ್ಮ ತಂದೆ ಬರೆದಿಟ್ಟ ಯಕ್ಷಗಾನ ಪ್ರಸಂಗದ ಪಟ್ಟಿಗಳನ್ನು ಒಂದೊಂದೇ ಹಾಳೆ ಸ್ಕ್ಯಾನ್ ಮಾಡಿ ಇಡುತ್ತಿದ್ದಾರೆ. ಆ ಕೆಲಸಕ್ಕೆಂದೇ ಒಂದು ಹಳೆಯ ಡೆಸ್ಕ್‌ಟಾಪ್‌ಗೆ ಉಬುಂಟು ಲಿನಕ್ಸ್ ಹಾಕಿ ಕೊಟ್ಟಿದ್ದೆ. ಜುಲೈ ತಿಂಗಳ ಒಂದು ಸಂಜೆ ಜೋರು ಮಳೆ. ಆಗ ಅವರ ಫೋನು ಬಂತು.

"ತಮ್ಮಾ, ಪಾಸ್‌ವರ್ಡ್ ಹಾಕಿದ್ರೆ ಪರದೆ ಒಮ್ಮೆ ಕಪ್ಪಾಗ್ತದೆ, ಮತ್ತೆ ಪಾಸ್‌ವರ್ಡೇ ಕೇಳ್ತದೆ. ನಾನು ಎಂತದೂ ಮುಟ್ಲಿಲ್ಲ."

ಪಾಸ್‌ವರ್ಡ್ ಸರಿ ಇದ್ದೂ ಲಾಗಿನ್ ಪರದೆಗೇ ವಾಪಸ್ ಬರುತ್ತಿದ್ದರೆ ನಾನು ಮೊದಲು ಅನುಮಾನಿಸುವುದು ಡಿಸ್ಕ್ ತುಂಬಿದ್ದನ್ನು. ಡೆಸ್ಕ್‌ಟಾಪ್ ಶುರುವಾಗಲು ಒಂದಿಷ್ಟು ಸಣ್ಣ ಫೈಲುಗಳನ್ನು ಬರೆಯಬೇಕು. ಜಾಗ ಇಲ್ಲದಿದ್ದರೆ ಅದು ಅಲ್ಲೇ ಬಿದ್ದುಹೋಗುತ್ತದೆ. ಅಕ್ಕೋರ 120 ಜಿಬಿ ಎಸ್‌ಎಸ್‌ಡಿಯಲ್ಲಿ 71 ಜಿಬಿ ಬರೀ ಲಾಗ್ ಇತ್ತು. ಲಾಗ್ ಅಂದರೆ ಕಂಪ್ಯೂಟರ್ ತನ್ನೊಳಗೆ ನಡೆದದ್ದನ್ನು ಸಾಲು ಸಾಲಾಗಿ ಬರೆದಿಡುವ ದಾಖಲೆ. ಆ ಲಾಗ್ ಎಲ್ಲಿಂದ ಬಂತು, ಹೇಗೆ ಪತ್ತೆಯಾಯಿತು, ನಾನು ಎಲ್ಲಿ ಎಡವಿದೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಇಂಥದೇ ತೊಂದರೆ ನಿಮಗೆ ಬಂದರೆ ಇದೇ ಕ್ರಮದಲ್ಲಿ ನೋಡುತ್ತಾ ಹೋಗಿ.

ಒಂದು ಸೂಚನೆ. ಆಜ್ಞೆಗಳನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರ ಬಳಸಿ. ದೊಡ್ಡಕ್ಷರ ಬೇಕಾದಲ್ಲಿ ಹೇಳಿದ್ದೇನೆ.

ಮೊದಲು ಉಸಿರಾಡಲು ಜಾಗ ಮಾಡಿ

ಲಾಗಿನ್ ಪರದೆಯಲ್ಲಿ ಕಂಟ್ರೋಲ್, ಆಲ್ಟ್, ಎಫ್3 ಮೂರನ್ನೂ ಒಟ್ಟಿಗೆ ಒತ್ತಿ. ಕಪ್ಪು ಪರದೆ ಬರುತ್ತದೆ. ಅಲ್ಲಿ ಹೆಸರು, ಪಾಸ್‌ವರ್ಡ್ ಹಾಕಿದರೆ ಒಳಗೆ ಹೋಗಬಹುದು. ಎಕ್ಸ್ಟ್4 ಎಂಬ ಫೈಲ್ ವ್ಯವಸ್ಥೆ ಇರುವ ಡಿಸ್ಕ್‌ನಲ್ಲಿ ಸಾಮಾನ್ಯವಾಗಿ ಶೇಕಡಾ 5 ಜಾಗ ರೂಟ್ ಎಂಬ ಯಜಮಾನ ಬಳಕೆದಾರನಿಗೆ ಮೀಸಲಿರುತ್ತದೆ. ಹಾಗಾಗಿ ಡಿಸ್ಕ್ ತುಂಬಿದೆ ಅಂದರೂ ಸುಡೊ ಹಾಕಿ ರೂಟ್ ಹೆಸರಲ್ಲಿ ಮಾಡುವ ಕೆಲಸಗಳು ನಡೆಯುತ್ತವೆ. ಎಷ್ಟು ತುಂಬಿದೆ, ಎಲ್ಲಿ ತುಂಬಿದೆ ನೋಡಿ:

ಡಿಎಫ್ -ಎಚ್ /
ಸುಡೊ ಡಿಯು -ಎಎಚ್ /ವಾರ್/ಲಾಗ್ | ಸಾರ್ಟ್ -ಆರ್‌ಎಚ್ | ಹೆಡ್

ಅಕ್ಕೋರ ಕಂಪ್ಯೂಟರಿನಲ್ಲಿ ಸಿಸ್‌ಲಾಗ್ ಎಂಬ ಒಂದೇ ಫೈಲು 34 ಜಿಬಿ. ಕರ್ನ್.ಲಾಗ್ 33 ಜಿಬಿ. ಜರ್ನಲ್ 4 ಜಿಬಿ. ಈ ಲೆಕ್ಕದಲ್ಲೇ ಒಂದು ಸುಳಿವು ಇದೆ. ಉಬುಂಟುವಿನಲ್ಲಿ ಲಾಗ್ ಬರೆಯುವವರು ಇಬ್ಬರು: ಜರ್ನಲ್‌ಡಿ ಮತ್ತು ಆರ್‌ಸಿಸ್‌ಲಾಗ್. ಕರ್ನಲ್, ಅಂದರೆ ಹಾರ್ಡ್‌ವೇರ್ ನೋಡಿಕೊಳ್ಳುವ ಉಬುಂಟುವಿನ ತಿರುಳು, ಒಂದು ಸಾಲು ಹೇಳಿದರೆ ಅದು ಜರ್ನಲ್‌ಗೂ ಹೋಗುತ್ತದೆ, ಸಿಸ್‌ಲಾಗ್‌ಗೂ ಹೋಗುತ್ತದೆ, ಕರ್ನ್.ಲಾಗ್‌ಗೂ ಹೋಗುತ್ತದೆ. ಒಂದೇ ಮಾತು, ಮೂರು ಕಡೆ. ಸಿಸ್‌ಲಾಗ್ ಮತ್ತು ಕರ್ನ್.ಲಾಗ್ ಹೆಚ್ಚುಕಡಿಮೆ ಸಮ ಇದ್ದವು ಅಂದರೆ ಕೂಗುತ್ತಿರುವುದು ಕರ್ನಲ್ಲೇ. ಜರ್ನಲ್ ಮಾತ್ರ ಯಾಕೆ 4 ಜಿಬಿಗೆ ನಿಂತಿತು? ಅದಕ್ಕೆ ಹುಟ್ಟಿನಿಂದಲೇ ಒಂದು ಮಿತಿ ಇದೆ. ಡಿಸ್ಕ್‌ನ ಹತ್ತನೇ ಒಂದು ಭಾಗ, ಅದೂ 4 ಜಿಬಿ ದಾಟದ ಹಾಗೆ. ಆರ್‌ಸಿಸ್‌ಲಾಗ್‌ಗೆ ಅಂಥ ಮಿತಿ ಇಲ್ಲ.

ಅಳಿಸುವ ಮೊದಲು ಮಾದರಿ ತೆಗೆದಿಟ್ಟುಕೊಳ್ಳಿ. ಇದನ್ನು ದಯವಿಟ್ಟು ಬಿಡಬೇಡಿ. ಡಿಸ್ಕ್ ತುಂಬಿರುವುದರಿಂದ ಮಾದರಿಯನ್ನು ರ‍್ಯಾಮ್‌ನಲ್ಲಿ ಇಡಿ. ಆಮೇಲೆ ಬೇರೆ ಕಡೆಗೆ ನಕಲು ಮಾಡಿಕೊಳ್ಳಬಹುದು. ಕಂಪ್ಯೂಟರ್ ಆಫ್ ಮಾಡಿದರೆ ಅದು ಹೋಗುತ್ತದೆ, ನೆನಪಿರಲಿ.

ಸುಡೊ ಟೇಲ್ -ಎನ್ 2000 /ವಾರ್/ಲಾಗ್/ಕರ್ನ್.ಲಾಗ್ > /ಡೆವ್/ಎಸ್‌ಎಚ್‌ಎಂ/ಮಾದರಿ

ಆಮೇಲೆ ಫೈಲನ್ನು ಆರ್‌ಎಂ ಹೊಡೆದು ಅಳಿಸಬೇಡಿ. ಆರ್‌ಸಿಸ್‌ಲಾಗ್ ಆ ಫೈಲನ್ನು ತೆರೆದು ಹಿಡಿದುಕೊಂಡಿರುತ್ತದೆ. ಹೆಸರು ಅಳಿಸಿ ಹೋಗುತ್ತದೆ, ಜಾಗ ಮಾತ್ರ ಬಿಡುಗಡೆ ಆಗುವುದಿಲ್ಲ. ಅಳಿಸಿದರೂ ಡಿಸ್ಕ್ ಹಾಗೇ ತುಂಬಿದೆಯಲ್ಲ ಅಂತ ತಲೆ ಕೆಡಿಸಿಕೊಂಡವರನ್ನು ಸುಮಾರು ಜನ ನೋಡಿದ್ದೇನೆ. ಫೈಲನ್ನು ಇದ್ದಲ್ಲೇ ಖಾಲಿ ಮಾಡುವುದು ಸರಿಯಾದ ದಾರಿ:

ಸುಡೊ ಟ್ರಂಕೇಟ್ -ಎಸ್ 0 /ವಾರ್/ಲಾಗ್/ಸಿಸ್‌ಲಾಗ್ /ವಾರ್/ಲಾಗ್/ಕರ್ನ್.ಲಾಗ್
ಸುಡೊ ಜರ್ನಲ್‌ಸಿಟಿಎಲ್ --ರೊಟೇಟ್
ಸುಡೊ ಜರ್ನಲ್‌ಸಿಟಿಎಲ್ --ವ್ಯಾಕ್ಯೂಮ್-ಸೈಜ್=200ಎಂ

ಕೊನೆಯ ಎಂ ದೊಡ್ಡಕ್ಷರ. ರೊಟೇಟ್ ಮೊದಲು ಬೇಕು. ಯಾಕೆಂದರೆ ವ್ಯಾಕ್ಯೂಮ್ ಮುಗಿದ ಫೈಲುಗಳನ್ನು ಮಾತ್ರ ತೆಗೆಯುತ್ತದೆ, ಈಗ ಬರೆಯುತ್ತಿರುವುದನ್ನು ಮುಟ್ಟುವುದಿಲ್ಲ.

ಇಷ್ಟಾದರೆ ಲಾಗಿನ್ ಆಗುತ್ತದೆ. ಆದರೆ ಗಂಟು ಬಿಚ್ಚಿಲ್ಲ. ಮತ್ತೆ ತುಂಬಲು ಶುರುವಾಗಿರುತ್ತದೆ.

ಕೂಗುತ್ತಿರುವವರು ಯಾರು

ಲಾಗ್ ತೆರೆದು ಸಾಲು ಸಾಲು ಓದುತ್ತಾ ಕೂರಬೇಡಿ, ಎಣಿಸಿ. ನಾನು ಜಾಸ್ತಿ ಬಳಸುವ ಆಜ್ಞೆ ಇದು:

ಸುಡೊ ಜರ್ನಲ್‌ಸಿಟಿಎಲ್ -ಎನ್ 5000 -ಓ ಕ್ಯಾಟ್ | ಸಾರ್ಟ್ | ಯುನಿಕ್ -ಸಿ | ಸಾರ್ಟ್ -ಆರ್‌ಎನ್ | ಹೆಡ್

ಕೊನೆಯ 5000 ಸಾಲು ತೆಗೆದುಕೊಳ್ಳುತ್ತದೆ. '-ಓ ಕ್ಯಾಟ್' ಅಂದರೆ ದಿನಾಂಕ, ವೇಳೆ, ಕಂಪ್ಯೂಟರಿನ ಹೆಸರು ಬಿಟ್ಟು ಮಾತನ್ನಷ್ಟೇ ಕೊಡು ಅಂತ. ವೇಳೆ ಹೋದರೆ ಒಂದೇ ಥರದ ಸಾಲುಗಳು ಒಂದಾಗುತ್ತವೆ, ಎಷ್ಟು ಸಲ ಬಂತು ಅನ್ನುವ ಲೆಕ್ಕ ಸಿಗುತ್ತದೆ. ಸಾಲಿನೊಳಗೇ ಸಂಖ್ಯೆ ಬದಲಾಗುತ್ತಿದ್ದರೆ ಅವು ಒಂದಾಗುವುದಿಲ್ಲ. ಆಗ ಕೊನೆಗೆ ಹೆಡ್ ಬದಲು ಲೆಸ್ ಹಾಕಿ ಕಣ್ಣಲ್ಲೇ ನೋಡಬೇಕು.

ಬಳಿಕ ಜರ್ನಲ್‌ಸಿಟಿಎಲ್ -ಎಫ್ ಹಾಕಿ ಐದು ನಿಮಿಷ ಸುಮ್ನೆ ನೋಡುತ್ತಾ ಕೂರಿ. ಸಾಲುಗಳು ಒಂದೇ ಸಮ ಬರುತ್ತಿವೆಯಾ, ಗುಂಪು ಗುಂಪಾಗಿ ಬರುತ್ತಿವೆಯಾ, ಹತ್ತು ಸೆಕೆಂಡಿಗೊಮ್ಮೆ ಬರುತ್ತಿವೆಯಾ? ಈ ತಾಳದಿಂದ ಎಷ್ಟೋ ಗೊತ್ತಾಗುತ್ತದೆ. ಗಡಿಯಾರದ ಹಾಗೆ ಬಂದರೆ ಯಾವುದೋ ಪ್ರೋಗ್ರಾಂ ಮತ್ತೆ ಮತ್ತೆ ಪ್ರಯತ್ನಿಸುತ್ತಿದೆ. ಏರುಪೇರಾಗಿ ಗುಂಪಾಗಿ ಬಂದರೆ ಹಾರ್ಡ್‌ವೇರ್ ಕಡೆ ನೋಡಿ.

ಅಕ್ಕೋರ ಕಂಪ್ಯೂಟರಿನಲ್ಲಿ ಏನಾಗಿತ್ತು

5000 ಸಾಲಿನಲ್ಲಿ ಹೆಚ್ಚುಕಡಿಮೆ ಎಲ್ಲವೂ ಒಂದೇ ವಿಷಯ. 'ಪಿಸಿಐಇ ಬಸ್ ಎರರ್, ಸಿವಿಯಾರಿಟಿ=ಕರೆಕ್ಟೆಡ್'. ಅದರ ಹಿಂದೆ ಮುಂದೆ ಮೂರ್ನಾಲ್ಕು ಸಾಲು, ಜೊತೆಗೆ 00:1ಸಿ.5 ಎಂಬ ವಿಳಾಸ.

ಇದರ ಅರ್ಥ ಹೇಳುತ್ತೇನೆ. ಪಿಸಿಐ ಎಕ್ಸ್‌ಪ್ರೆಸ್ (ಪಿಸಿಐಇ) ಅಂದರೆ ವೈಫೈಯಂಥ ಕಾರ್ಡ್‌ಗಳನ್ನು ಮದರ್‌ಬೋರ್ಡಿಗೆ ಸೇರಿಸುವ ಕೊಂಡಿ. ಪಿಸಿಐ ಎಕ್ಸ್‌ಪ್ರೆಸ್‌ನಲ್ಲಿ ಕಾರ್ಡ್ ಮತ್ತು ಮದರ್‌ಬೋರ್ಡ್ ನಡುವೆ ಹೋಗುವ ಪ್ರತಿ ಪೊಟ್ಟಣಕ್ಕೂ ಒಂದು ತಾಳೆ ಸಂಖ್ಯೆ ಇರುತ್ತದೆ. ಪಡೆದವರು ತಾಳೆ ನೋಡುತ್ತಾರೆ. ಹೊಂದದಿದ್ದರೆ ಮತ್ತೆ ಕಳಿಸು ಅನ್ನುತ್ತಾರೆ. ಕಳಿಸಿದವರು ಮತ್ತೆ ಕಳಿಸುತ್ತಾರೆ. ಮಾಹಿತಿ ಏನೂ ಹಾಳಾಗುವುದಿಲ್ಲ, ಅದಕ್ಕೇ 'ಕರೆಕ್ಟೆಡ್', ತಿದ್ದಿದ ದೋಷ. ಆದರೆ ತಿದ್ದಿದ ಪ್ರತಿ ಸಲವೂ ಕರ್ನಲ್ ಒಂದು ವರದಿ ಬರೆಯುತ್ತದೆ. ಸೆಕೆಂಡಿಗೆ ಹತ್ತಾರು ಸಲ ತಿದ್ದಬೇಕಾಗಿ ಬಂದರೆ ಲಾಗ್ ಬೆಟ್ಟದಷ್ಟಾಗುತ್ತದೆ.

ಆ ರಾತ್ರಿ ನಾನು ಸುಲಭದ ದಾರಿ ಹಿಡಿದೆ. ಕಂಪ್ಯೂಟರ್ ಚಾಲೂ ಆಗುವಾಗ ಕರ್ನಲ್ಲನ್ನು ಎಬ್ಬಿಸುವ ಗ್ರಬ್‌ನಲ್ಲಿ 'ಪಿಸಿಐ=ನೊಎಇಆರ್' ಸೇರಿಸಿದೆ. ಈ ವರದಿಯ ವ್ಯವಸ್ಥೆಯನ್ನೇ ಆಫ್ ಮಾಡುವ ಆಯ್ಕೆ ಅದು. ಕಂಪ್ಯೂಟರ್ ಮತ್ತೆ ಚಾಲೂ ಮಾಡಿದರೆ ಲಾಗ್ ಪೂರಾ ಶಾಂತ. ಚಹಾ ಕುಡಿದು ಮನೆಗೆ ಬಂದೆ.

ಚೌತಿಗೆ ನಾಲ್ಕು ದಿನ ಇರುವಾಗ ಮತ್ತೆ ಫೋನು. ಈ ಸಲ ವೈಫೈ ಇಲ್ಲ. ನಿಧಾನ ಆಗಿದ್ದಲ್ಲ, ಇಲ್ಲವೇ ಇಲ್ಲ. ಪಿಸಿಐ ಸಾಧನಗಳ ಪಟ್ಟಿ ಕೊಡುವ ಎಲ್‌ಎಸ್‌ಪಿಸಿಐ ಆಜ್ಞೆ ಕೊಟ್ಟರೆ ಪಟ್ಟಿಯಲ್ಲಿ ವೈಫೈ ಕಾರ್ಡ್‌ನ ಹೆಸರೇ ಕಾಣಿಸಲಿಲ್ಲ. ಜುಲೈಯಲ್ಲಿ ತೆಗೆದಿಟ್ಟ ಮಾದರಿ ನನ್ನ ಪೆನ್‌ಡ್ರೈವ್‌ನಲ್ಲಿತ್ತು. ಅದನ್ನು ಅಕ್ಕೋರ ಎದುರಿಗೇ ತೆರೆದು, ಇದು ಆವಾಗಿನದು ಅಂತ ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು ನೋಡಿದರು.

"ಅಂದ್ರೆ ಅದು ಆವಾಗ್ಲೇ ಹೇಳ್ತಾ ಇತ್ತಲ್ಲ ತಮ್ಮಾ. ನೀ ಕೇಳ್ಳಿಲ್ವಾ?"

ಕೇಳಿರಲಿಲ್ಲ. ಬಾಯಿ ಮುಚ್ಚಿಸಿದ್ದೆ. ಈ ಬರಹ ಬರೆಯುವ ಮನಸ್ಸಾಗಿದ್ದು ಆ ಒಂದು ಪ್ರಶ್ನೆಯಿಂದ.

ಮಾದರಿಯನ್ನು ಈಗ ಸರಿಯಾಗಿ ಓದಿದೆ. ಈ ವರದಿಯ ಕೊನೆಯ ಸಾಲಿನಲ್ಲಿ ಚೌಕ ಕಂಸದೊಳಗೆ ಒಂದು ಸಂಖ್ಯೆ ಇರುತ್ತದೆ. ಜಾಸ್ತಿ ಜನ ಅದನ್ನು ನೋಡುವುದೇ ಇಲ್ಲ, ಆದರೆ ರೋಗ ಹೇಳುವುದು ಅದೇ. 0 ಅಂದರೆ ಸಂಕೇತವೇ ಸರಿಯಾಗಿ ಬರಲಿಲ್ಲ, ತಂತಿ ಮತ್ತು ತುದಿಗಳ ಮಟ್ಟದ ದೋಷ. 6 ಅಂದರೆ ಪೊಟ್ಟಣ ಬಂತು, ತಾಳೆ ಹೊಂದಲಿಲ್ಲ. 12 ಅಂದರೆ ಕಳಿಸಿದ್ದಕ್ಕೆ 'ಮುಟ್ಟಿತು' ಅನ್ನುವ ಉತ್ತರ ವೇಳೆಗೆ ಬರಲಿಲ್ಲ. 0 ಮತ್ತು 6 ಜಾಸ್ತಿ ಇದ್ದರೆ ನಾನು ಮೊದಲು ಕಾರ್ಡ್‌ನ ತುದಿ ನೋಡುತ್ತೇನೆ. ಬರೀ 12 ಇದ್ದರೆ ವಿದ್ಯುತ್ ಉಳಿತಾಯದ ವ್ಯವಸ್ಥೆ ನೋಡುತ್ತೇನೆ. ಅಕ್ಕೋರದ್ದರಲ್ಲಿ 0 ಮತ್ತು 6 ಧಾರಾಳ ಇದ್ದವು. 12 ಅಲ್ಲೊಂದು ಇಲ್ಲೊಂದು.

00:1ಸಿ.5 ಅನ್ನುವುದು ಕಾರ್ಡ್ ಅಲ್ಲ, ಮದರ್‌ಬೋರ್ಡಿನ ಬಾಗಿಲು. ಆ ಬಾಗಿಲ ಹಿಂದೆ ಯಾರಿದ್ದಾರೆ ಅಂತ ನೋಡಲು ಎಲ್‌ಎಸ್‌ಪಿಸಿಐ -ಟಿವಿ ಕೊಡಿ. ಮರದ ಕೊಂಬೆಗಳ ಹಾಗೆ ತೋರಿಸುತ್ತದೆ. ಕಾರ್ಡ್ ಕಾಣದಾಗ ಇದು ಉಪಯೋಗಕ್ಕೆ ಬರುವುದಿಲ್ಲ. ಹಾಗಾಗಿ ಎಲ್ಲ ಚೆನ್ನಾಗಿರುವಾಗಲೇ ಒಮ್ಮೆ ಬರೆದಿಟ್ಟುಕೊಳ್ಳಿ. ನನಗೆ ಕಾರ್ಡ್ ಒಂದೇ ಇದ್ದಿದ್ದರಿಂದ ಕಷ್ಟ ಆಗಲಿಲ್ಲ.

ಕಂಪ್ಯೂಟರ್ ಆಫ್ ಮಾಡಿ, ವಯರ್ ಕಿತ್ತು, ಪವರ್ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿದೆ. ಉಳಿದ ಕರೆಂಟ್ ಹೋಗಲಿ ಅಂತ. ಪೆಟ್ಟಿಗೆಯ ಲೋಹ ಮುಟ್ಟಿ ಕಾರ್ಡ್ ಹೊರಗೆ ತೆಗೆದೆ. ಬಂಗಾರದ ಬಣ್ಣ ಇರಬೇಕಾದ ತುದಿಗಳು ಕಂದಾಗಿದ್ದವು. ಎರಡು ಕಡೆ ಹಸಿರು ಕಲೆ. ಪೆಟ್ಟಿಗೆ ಇಟ್ಟಿದ್ದು ಕಡಲಿನ ಕಡೆಯ ಕಿಟಕಿಯ ಕೆಳಗೆ. ನಮ್ಮ ಕರಾವಳಿಯಲ್ಲಿ ಕಿಟಕಿಯ ಸರಳು, ಬೀಗ, ಸೈಕಲ್ ಚೈನು ಎಲ್ಲದಕ್ಕೂ ಉಪ್ಪುಗಾಳಿ ಹತ್ತುತ್ತದೆ. ಕಂಪ್ಯೂಟರಿನ ಫ್ಯಾನು ಆ ಗಾಳಿಯನ್ನು ಇಡೀ ದಿನ ಒಳಗೆ ಎಳೆದುಕೊಳ್ಳುತ್ತದೆ. ಮಳೆಗಾಲದ ಥಂಡಿ ಸೇರಿದರೆ ಕೇಳುವುದೇ ಬೇಡ, ಅಲ್ವಾ.

ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಮೆತ್ತನೆ ಬಟ್ಟೆ ಅದ್ದಿ ತುದಿಗಳನ್ನು ಒರೆಸಿದೆ. ರಬ್ಬರಿನಿಂದ ಉಜ್ಜುವ ಅಭ್ಯಾಸ ತುಂಬ ಜನರಿಗಿದೆ. ನಾನು ಉಜ್ಜುವುದಿಲ್ಲ. ಮೇಲಿನ ಚಿನ್ನದ ಲೇಪ ತೀರಾ ತೆಳು. ಅದು ಸವೆದರೆ ಮುಂದಿನ ಮಳೆಗಾಲಕ್ಕೆ ತುಕ್ಕು ಇನ್ನೂ ಬೇಗ ಹಿಡಿಯುತ್ತದೆ. ಪೂರ್ತಿ ಒಣಗಿದ ಮೇಲೆ ಕಾರ್ಡನ್ನು ಎರಡು ಸಲ ಹಾಕಿ ತೆಗೆದು, ಮೂರನೇ ಸಲ ಗಟ್ಟಿಯಾಗಿ ಕೂರಿಸಿ ತಿರುಪು ಬಿಗಿದೆ. ಪೆಟ್ಟಿಗೆಯನ್ನು ಒಳಗಿನ ಗೋಡೆಗೆ ಸರಿಸಿದೆ. ಗ್ರಬ್‌ನಿಂದ 'ಪಿಸಿಐ=ನೊಎಇಆರ್' ತೆಗೆದೆ. ಅದು ಮತ್ತೆ ಮಾತಾಡಬೇಕು ಅಂತ ನನಗೆ ಈಗ ಅನಿಸಿತ್ತು.

ವೈಫೈ ಬಂತು. ಲೆಕ್ಕ ತೆಗೆದೆ:

ಸುಡೊ ಜರ್ನಲ್‌ಸಿಟಿಎಲ್ -ಕೆ | ಗ್ರೆಪ್ -ಸಿ "ಬಸ್ ಎರರ್"

ಇಲ್ಲಿ ಬಸ್, ಎರರ್ ಎರಡರ ಮೊದಲಕ್ಷರ ದೊಡ್ಡದು. ಒಂದು ಗಂಟೆಯಲ್ಲಿ 40ರ ಆಸುಪಾಸು ಬಂತು. 0 ಮತ್ತು 6 ಒಂದೂ ಇಲ್ಲ. ಉಳಿದಿದ್ದೆಲ್ಲ 12. ಅಂದರೆ ತುದಿಯ ಸಮಸ್ಯೆ ಮುಗಿಯಿತು, ಅದರ ಹಿಂದೆ ಅಡಗಿದ್ದ ಇನ್ನೊಂದು ಉಳಿಯಿತು.

ಪಿಸಿಐ ಎಕ್ಸ್‌ಪ್ರೆಸ್ ಕೆಲಸ ಇಲ್ಲದಾಗ ಕೊಂಡಿಯನ್ನು ಅರೆನಿದ್ದೆಗೆ ಕಳಿಸುತ್ತದೆ. ಇದಕ್ಕೆ ಎಎಸ್‌ಪಿಎಂ ಅನ್ನುತ್ತಾರೆ. ಕೆಲವು ಕಾರ್ಡ್‌ಗಳು ಆ ನಿದ್ದೆಯಿಂದ ವೇಳೆಗೆ ಸರಿಯಾಗಿ ಏಳುವುದಿಲ್ಲ. ಹೌದೋ ಅಲ್ಲವೋ ಅಂತ ನೋಡಲು ರೀಬೂಟ್ ಬೇಕಿಲ್ಲ:

ಎಕೊ ಪರ್ಫಾರ್ಮೆನ್ಸ್ | ಸುಡೊ ಟೀ /ಸಿಸ್/ಮಾಡ್ಯೂಲ್/ಪಿಸಿಐಇ_ಎಎಸ್‌ಪಿಎಂ/ಪ್ಯಾರಾಮೀಟರ್ಸ್/ಪಾಲಿಸಿ

ಇದು ರೀಬೂಟ್ ಆಗುವವರೆಗೆ ಮಾತ್ರ ಇರುತ್ತದೆ. ಪ್ರಯೋಗಕ್ಕೆ ಅದೇ ಒಳ್ಳೆಯದು. ಕೆಲವು ಮದರ್‌ಬೋರ್ಡ್‌ಗಳು ಇದನ್ನು ಬದಲಿಸಲು ಬಿಡುವುದಿಲ್ಲ. ಆಗ ಬಯಾಸ್‌ನಲ್ಲಿ ಹುಡುಕಬೇಕು. ಅಕ್ಕೋರದ್ದು ಒಪ್ಪಿತು. ಅಲ್ಲಿಂದ ಮುಂದಕ್ಕೆ ಲೆಕ್ಕ ಒಂದೂ ಏರಲಿಲ್ಲ. ಮರುದಿನ ಸಂಜೆ ಅದನ್ನೇ ಖಾಯಂ ಮಾಡಿದೆ. /ಇಟಿಸಿ/ಡಿಫಾಲ್ಟ್/ಗ್ರಬ್ ಫೈಲಿನಲ್ಲಿ 'ಕ್ವೈಟ್ ಸ್ಪ್ಲ್ಯಾಶ್' ಇರುವ ಸಾಲಿಗೆ 'ಪಿಸಿಐಇ_ಎಎಸ್‌ಪಿಎಂ.ಪಾಲಿಸಿ=ಪರ್ಫಾರ್ಮೆನ್ಸ್' ಸೇರಿಸಿ, ಸುಡೊ ಅಪ್‌ಡೇಟ್-ಗ್ರಬ್ ಕೊಡುವುದು. ಕರೆಂಟ್ ಸ್ವಲ್ಪ ಜಾಸ್ತಿ ಹೋಗುತ್ತದೆ. ಡೆಸ್ಕ್‌ಟಾಪ್‌ಗೆ ಅದು ಲೆಕ್ಕಕ್ಕಿಲ್ಲ. ಲ್ಯಾಪ್‌ಟಾಪ್ ಆದರೆ ಬ್ಯಾಟರಿ ನೋಡಿಕೊಂಡು ತೀರ್ಮಾನಿಸಿ.

'ಕರೆಕ್ಟೆಡ್' ಜಾಗದಲ್ಲಿ 'ಅನ್‌ಕರೆಕ್ಟೆಡ್' ಅಂತ ಇದ್ದರೆ ಮಾತೇ ಬೇರೆ. ಅಲ್ಲಿ ದೋಷ ತಿದ್ದಲು ಆಗಿಲ್ಲ, ಮಾಹಿತಿ ಹಾಳಾಗಿರಬಹುದು. ಅದನ್ನು ಯಾವ ಕಾರಣಕ್ಕೂ ಮರೆಮಾಡಬೇಡಿ.

ಬೇರೆ ಬೇರೆ ಕೂಗುಗಳು

'ಡಿವೈಸ್ ಡಿಸ್ಕ್ರಿಪ್ಟರ್ ರೀಡ್, ಎರರ್ -71'. ಯುಎಸ್‌ಬಿ ಸಾಧನ ಮತ್ತು ಕಂಪ್ಯೂಟರ್ ನಡುವಿನ ಮಾತು ಕೆಡುತ್ತಿದೆ. ಜೊತೆಗೆ ಸಾಧನದ ಸಂಖ್ಯೆ 45, 46, 47 ಅಂತ ಏರುತ್ತಾ ಹೋದರೆ ಅದು ಬಿಟ್ಟು ಬಿಟ್ಟು ಸೇರಿಕೊಳ್ಳುತ್ತಿದೆ. ಮೊದಲು ಕೇಬಲ್ ಬದಲಿಸಿ. ಆಮೇಲೆ ಹಬ್ ತೆಗೆದು ನೇರ ಸೇರಿಸಿ.

'ರಿಸ್ಟಾರ್ಟ್ ಕೌಂಟರ್ ಈಸ್ ಅಟ್' ಅಂತ ಕಂಡು ಮುಂದೆ ಸಾವಿರಗಟ್ಟಲೆ ಸಂಖ್ಯೆ ಇದ್ದರೆ, ಒಂದು ಸರ್ವಿಸ್, ಅಂದರೆ ಹಿಂದೆ ಸದ್ದಿಲ್ಲದೆ ಓಡುವ ಪ್ರೋಗ್ರಾಂ, ಸತ್ತು ಸತ್ತು ಏಳುತ್ತಿದೆ. ಸರ್ವಿಸ್‌ಗಳನ್ನು ನಡೆಸುವ ಸಿಸ್ಟಮ್‌ಡಿಗೆ ಒಂದು ತಡೆ ಇದೆ. 10 ಸೆಕೆಂಡಿನಲ್ಲಿ 5 ಸಲಕ್ಕಿಂತ ಜಾಸ್ತಿ ಏಳಲು ಬಿಡುವುದಿಲ್ಲ. ಆದರೆ ನಾವೇ ಬರೆದ ಸರ್ವಿಸ್‌ನಲ್ಲಿ ಒಳ್ಳೆಯದಕ್ಕೇ ಅಂತ 'ಹತ್ತು ಸೆಕೆಂಡು ಬಿಟ್ಟು ಏಳು' ಅಂತ ಹಾಕಿರುತ್ತೇವೆ. ಆಗ ಆ ತಡೆಗೆ ಅದು ಸಿಕ್ಕುವುದೇ ಇಲ್ಲ. ದಿನಕ್ಕೆ 8640 ಸಲ ಎದ್ದು ಬೀಳುತ್ತದೆ. ಸರ್ವಿಸ್ ಫೈಲಿನ ಯೂನಿಟ್ ಭಾಗದಲ್ಲಿ 'ಸ್ಟಾರ್ಟ್‌ಲಿಮಿಟ್‌ಇಂಟರ್ವಲ್‌ಸೆಕ್=300' ಅಂತ ಹಾಕಿ. ಪ್ರತಿ ಪದದ ಮೊದಲಕ್ಷರ ದೊಡ್ಡದು. ಐದು ಸಲ ಬಿದ್ದ ಮೇಲೆ ಅದು ನಿಲ್ಲುತ್ತದೆ. ಆಮೇಲೆ ಜರ್ನಲ್‌ಸಿಟಿಎಲ್ -ಯು ಮುಂದೆ ಸರ್ವಿಸ್ ಹೆಸರು ಕೊಟ್ಟು, ಸಾಯುವುದು ಯಾಕೆ ಅಂತ ಓದಿ.

ಯುಪಿಎಸ್‌ನದು ಇನ್ನೊಂದು. ಶಿರಸಿ ಹತ್ತಿರ ನಮ್ಮ ಮಾವನ ಮನೆಯಲ್ಲಿ ಅಡಿಕೆ ಲೆಕ್ಕದ ಕಂಪ್ಯೂಟರ್ ಇದೆ. ಘಟ್ಟದ ಮೇಲೆ ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋಗುವುದು ಹೊಸತಲ್ಲ. ಅದಕ್ಕೇ ಯುಪಿಎಸ್ ಹಾಕಿ, ನಟ್ ಎಂಬ ತಂತ್ರಾಂಶ ಕೂರಿಸಿದ್ದೆವು. ಬ್ಯಾಟರಿ ಇಳಿದರೆ ಅದೇ ಕಂಪ್ಯೂಟರನ್ನು ಕ್ರಮವಾಗಿ ಮುಚ್ಚುತ್ತದೆ. ಒಮ್ಮೆ ಮಾವನ ಫೋನು: "ಎಂತದೋ ಡೇಟಾ ಸ್ಟೇಲ್ ಹೇಳಿ ಬತ್ತಾ ಇದ್ದು ತಮಾ, ಇದರ ಬಂದ್ ಮಾಡುಲೆ ಬತ್ತಾ?" ಬಂದ್ ಮಾಡಲು ಬರುತ್ತದೆ. ಮಾಡಬಾರದು. ನಟ್ ಐದು ಸೆಕೆಂಡಿಗೊಮ್ಮೆ ಯುಪಿಎಸ್ ಅನ್ನು ವಿಚಾರಿಸುತ್ತದೆ. ಉತ್ತರ ಬರದಿದ್ದರೆ ಹೀಗೆ ಬರೆಯುತ್ತದೆ. ಆ ಸಾಲು ಮುಚ್ಚಿದರೆ, ಕರೆಂಟ್ ಹೋದ ರಾತ್ರಿ ಕಂಪ್ಯೂಟರಿಗೆ ಸುದ್ದಿಯೇ ಸಿಗುವುದಿಲ್ಲ, ಲೆಕ್ಕದ ಫೈಲು ಅರ್ಧಕ್ಕೆ ನಿಲ್ಲುತ್ತದೆ. ಯುಪಿಎಸ್‌ನ ಯುಎಸ್‌ಬಿ ಕೇಬಲ್ ಸಡಿಲ ಆಗಿತ್ತು, ಅಷ್ಟೇ.

'ಐ/ಓ ಎರರ್, ಡೆವ್ ಎಸ್‌ಡಿಎ' ಅಂತ ಕಂಡರೆ ಈ ಕೈಪಿಡಿ ಬದಿಗಿಡಿ. ಮೊದಲು ಬ್ಯಾಕಪ್ ತೆಗೆಯಿರಿ.

ನಿಜಕ್ಕೂ ಬೇಡದ ಮಾತಾದರೆ

ಎಲ್ಲ ಕೂಗಿನ ಹಿಂದೆಯೂ ನೋವಿರುವುದಿಲ್ಲ. ಯುಎಫ್‌ಡಬ್ಲ್ಯು ಫೈರ್‌ವಾಲ್ ಹಾಕಿಕೊಂಡವರಿಗೆ 'ಯುಎಫ್‌ಡಬ್ಲ್ಯು ಬ್ಲಾಕ್' ಸಾಲು ಗೊತ್ತಿರುತ್ತದೆ. ಅದರಲ್ಲಿ ಹೋಗುವ ವಿಳಾಸ 224.0.0.1, ಪ್ರೋಟೊ 2 ಅಂತ ಇದ್ದರೆ, ಅದು ಮನೆಯ ರೂಟರ್ ಎರಡು ನಿಮಿಷಕ್ಕೊಮ್ಮೆ ಎಲ್ಲರನ್ನೂ ವಿಚಾರಿಸುವ ಮಾಮೂಲು ಮಾತು. ಇಂಥದ್ದನ್ನು ಕಡಿಮೆ ಮಾಡಬಹುದು. /ಇಟಿಸಿ/ಆರ್‌ಸಿಸ್‌ಲಾಗ್.ಡಿ ಒಳಗೆ 20-ಯುಎಫ್‌ಡಬ್ಲ್ಯು.ಕಾನ್ಫ್ ಎಂಬ ಫೈಲಿದೆ. ಅದರ ಕೊನೆಯಲ್ಲಿ '& ಸ್ಟಾಪ್' ಅನ್ನುವ ಸಾಲಿನ ಮುಂದೆ # ಇರುತ್ತದೆ. ಆ # ತೆಗೆದು ಆರ್‌ಸಿಸ್‌ಲಾಗ್ ರಿಸ್ಟಾರ್ಟ್ ಮಾಡಿದರೆ, ಅದು ಫೈರ್‌ವಾಲ್ ಮಾತನ್ನು ಫೈರ್‌ವಾಲಿನದೇ ಫೈಲಿಗೆ ಮಾತ್ರ ಬರೆಯುತ್ತದೆ. ಸಿಸ್‌ಲಾಗ್ ಚೊಕ್ಕ ಇರುತ್ತದೆ.

ಒಂದೇ ಸರ್ವಿಸ್ ಹರಟೆ ಹೊಡೆಯುತ್ತಿದ್ದರೆ ಸುಡೊ ಸಿಸ್ಟಮ್‌ಸಿಟಿಎಲ್ ಎಡಿಟ್ ಮುಂದೆ ಸರ್ವಿಸ್ ಹೆಸರು ಕೊಟ್ಟು, ಸರ್ವಿಸ್ ಭಾಗದಲ್ಲಿ 'ಲಾಗ್‌ಲೆವೆಲ್‌ಮ್ಯಾಕ್ಸ್=ವಾರ್ನಿಂಗ್' ಹಾಕಿ. ಲಾಗ್, ಲೆವೆಲ್, ಮ್ಯಾಕ್ಸ್ ಮೂರರ ಮೊದಲಕ್ಷರ ದೊಡ್ಡದು. ಎಚ್ಚರಿಕೆ ಮತ್ತು ಅದಕ್ಕಿಂತ ಗಂಭೀರ ಮಾತು ಉಳಿಯುತ್ತದೆ, ಸಣ್ಣಪುಟ್ಟದ್ದು ಹೋಗುತ್ತದೆ. ಇಡೀ ವ್ಯವಸ್ಥೆಗೆ ಒಂದೇ ಮಟ್ಟ ಹಾಕುವುದಕ್ಕಿಂತ ಇದು ಎಷ್ಟೋ ಮೇಲು. ಕರ್ನಲ್.ಪ್ರಿಂಟ್‌ಕೆ ಬದಲಿಸಿ ಅಂತ ಕೆಲವರು ಹೇಳುತ್ತಾರೆ. ಅದರಿಂದ ಕಪ್ಪು ಪರದೆಯ ಮೇಲೆ ಬರುವ ಸಾಲು ಮಾತ್ರ ಕಡಿಮೆಯಾಗುತ್ತದೆ. ಫೈಲಿಗೆ ಹೋಗುವುದು ಹೋಗುತ್ತಲೇ ಇರುತ್ತದೆ.

ಮೂಲ ಸರಿಪಡಿಸಿದ ಮೇಲೂ ಒಂದು ಕಟ್ಟೆ ಇರಲಿ. /ಇಟಿಸಿ/ಸಿಸ್ಟಮ್‌ಡಿ/ಜರ್ನಲ್‌ಡಿ.ಕಾನ್ಫ್‌ನಲ್ಲಿ 'ಸಿಸ್ಟಮ್‌ಮ್ಯಾಕ್ಸ್‌ಯೂಸ್=300ಎಂ' ಹಾಕಿ, ಸಿಸ್ಟಮ್‌ಡಿ-ಜರ್ನಲ್‌ಡಿ ರಿಸ್ಟಾರ್ಟ್ ಮಾಡಿ. ಸಿಸ್ಟಮ್, ಮ್ಯಾಕ್ಸ್, ಯೂಸ್ ಮೂರರ ಮೊದಲಕ್ಷರ ಮತ್ತು ಕೊನೆಯ ಎಂ ದೊಡ್ಡಕ್ಷರ. /ಇಟಿಸಿ/ಲಾಗ್‌ರೊಟೇಟ್.ಡಿ/ಆರ್‌ಸಿಸ್‌ಲಾಗ್‌ನಲ್ಲಿ 'ಮ್ಯಾಕ್ಸ್‌ಸೈಜ್ 200ಎಂ' ಸೇರಿಸಿ. ಇಲ್ಲಿ ಎಂ ಮಾತ್ರ ದೊಡ್ಡಕ್ಷರ. ಆದರೆ ಹಳೆಯ ಲಾಗ್ ಫೈಲು ಬದಿಗಿಟ್ಟು ಹೊಸತು ಶುರುಮಾಡುವ ಲಾಗ್‌ರೊಟೇಟ್ ಎದ್ದು ನೋಡುವುದು ದಿನಕ್ಕೆ ಒಂದೇ ಸಲ. ಒಂದೇ ದಿನದಲ್ಲಿ ಹತ್ತಾರು ಜಿಬಿ ಸುರಿದರೆ ಅದಕ್ಕೆ ಗೊತ್ತಾಗುವಷ್ಟರಲ್ಲಿ ತಡ ಆಗಿರುತ್ತದೆ. ಅಕ್ಕೋರ ಕಂಪ್ಯೂಟರಿನಲ್ಲಿ ಲಾಗ್‌ರೊಟೇಟ್.ಟೈಮರ್ ಅನ್ನು ಗಂಟೆಗೊಮ್ಮೆ ಏಳುವ ಹಾಗೆ ಬದಲಿಸಿದ್ದೇನೆ.

ಇನ್ನೂ ಒಂದು ಮಾಡಿದ್ದೇನೆ. 'ಕೂಗು' ಅಂತ ಟೈಪ್ ಮಾಡಿದರೆ ಒಂದು ಸಂಖ್ಯೆ ಬರುವ ಹಾಗೆ ಅಲಿಯಾಸ್ ಬರೆದುಕೊಟ್ಟೆ. ಅದರ ಒಳಗಿರುವುದು ಇಷ್ಟು:

ಜರ್ನಲ್‌ಸಿಟಿಎಲ್ -ಕ್ಯೂ -ಪಿ ವಾರ್ನಿಂಗ್ --ಸಿನ್ಸ್ ಟುಡೇ | ಡಬ್ಲ್ಯುಸಿ -ಎಲ್

ಅಕ್ಕೋರು ದಿನಾ ಸ್ಕ್ಯಾನ್ ಕೆಲಸ ಮುಗಿಸಿ ಆ ಸಂಖ್ಯೆಯನ್ನು ಪಟ್ಟಿಯಲ್ಲಿ ಬರೆದಿಡುತ್ತಾರೆ, ಶಾಲೆಯ ಹಾಜರಿಯ ಹಾಗೆ. ಸಾಮಾನ್ಯ ದಿನ 70ರ ಆಸುಪಾಸು. ದೀಪಾವಳಿ ಮುಗಿದ ವಾರ ಒಂದು ದಿನ 900 ದಾಟಿತು ಅಂತ ಅವರೇ ಫೋನ್ ಮಾಡಿದರು. ಹೋಗಿ ಎಣಿಸಿದರೆ -71. ಸ್ಕ್ಯಾನರ್‌ನ ಕೇಬಲ್ಲು. ಪೇಟೆಯಿಂದ ಹೊಸತು ತಂದು ಹಾಕಿದೆ. ಮರುದಿನದ ಸಾಲಿನಲ್ಲಿ 68 ಅಂತ ಬರೆದಿದ್ದಾರೆ.